ನೀರು ತಾಕದ ಮೆಟ್ಟಿಲು

ಮನೋಳಿ
ಪ್ರಮಾದೀ ಸಂವತ್ಸರ, ಕಾರ್ತಿಕ ಬಹುಳ ಚತುರ್ಥಿ, ಸೋಮವಾರ
ಸನ್ ೧೯೧೩

ಚಿರಂಜೀವಿ ತಮ್ಮ ನಿಜಗುಣಪ್ಪನಿಗೆ ಅಕ್ಕ ಸಾವಿತ್ರೆವ್ವನ ಆಶೀರ್ವಾದಗಳು. ಪಂಚಲಿಂಗೇಶ್ವರನು ನಿನ್ನನ್ನು ಧಾರವಾಡದಲ್ಲಿ ಚೆನ್ನಾಗಿಟ್ಟಿರಲಿ. ಇದರ ಮುಂದೆ ನಾವೆಲ್ಲ ಕ್ಷೇಮ ಅಂತ ಬರೆಯುವುದು ರೂಢಿ. ಬರೆಯಲಿಕ್ಕೆ ಹೋದೆ, ಕೈ ಏಳಲಿಲ್ಲ. ಒಲೆ ಹತ್ತುತ್ತದೆ, ಎಮ್ಮೆ ಹಾಲು ಕೊಡುತ್ತದೆ, ನಾನು ಇದ್ದೇನೆ. ಅಷ್ಟು ತಿಳಿದುಕೊ.

ಮಾಸಿಕದ ಹೊಸ ಸಂಚಿಕೆಯನ್ನು ಟಪಾಲಿನವನು ಗುರುವಾರ ತಂದುಕೊಟ್ಟ. ನಿನ್ನ ಪತ್ತೇದಾರಿ ಕಥೆಯ ಭಾಗ ಈ ಸಲವೂ ಬಂದಿದೆ. ಕೆಳಗೆ, ಬರುವ ಸಂಚಿಕೆಯಲ್ಲಿ ಮುಗಿಯುವುದು ಅಂತ ಅಚ್ಚು ಹಾಕಿದ್ದಾರೆ. ಅದನ್ನು ಓದಿದ ಮೇಲೆಯೇ ಈ ಕಾಗದಕ್ಕೆ ಕೂತೆ. ಆ ಕಡೆಯ ಭಾಗವನ್ನು ನೀನು ಅಚ್ಚಿನ ಮನೆಗೆ ಕೊಡುವ ಮೊದಲು ಇದು ನಿನ್ನ ಕೈ ಸೇರಬೇಕು. ಕೊಟ್ಟುಬಿಟ್ಟಿದ್ದರೆ ಹೋಗಿ ತಿರುಗಿ ಇಸಿದುಕೋ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ನಮ್ಮ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳು ಮಧ್ಯಾಹ್ನ ಕೂಡುತ್ತಾರೆ, ನಿನಗೆ ಗೊತ್ತು. ಮೊದಲು ಪುರಾಣ ಓದುತ್ತಿದ್ದೆ, ಆಷಾಢದಿಂದ ನಿನ್ನ ಕಥೆ ಓದುತ್ತಿದ್ದೇನೆ. ನನ್ನ ತಮ್ಮ ಬರೆದದ್ದು ಅಂತ ಹೆಮ್ಮೆಯಿಂದಲೇ ಶುರು ಮಾಡಿದೆ. ಎದುರುಮನೆ ಬಾಯವ್ವ ಒಂದು ದಿನವೂ ತಪ್ಪಿಸುವುದಿಲ್ಲ. ಅಲ್ಲವಾ ಸಾವಿತ್ರೆವ್ವ, ಪುರಾಣದಾಗ ಶಿವ ಬರತಾನ ಅಂತ ಮೊದಲ ಗೊತ್ತಿರತೈತಿ, ಆರಾಮ ನಿದ್ದಿ ಬರತೈತಿ. ನಿನ್ನ ತಮ್ಮ ಕೊಂದವನ್ನ ಎಲ್ಲಿ ಬಚ್ಚಿಟ್ಟಾನೋ, ನನಗ ನಾಕು ತಿಂಗಳಾತು ಕಣ್ಣಿಗೆ ಕಣ್ಣು ಹತ್ತವೊಲ್ದು ಅಂತ ಬಯ್ಯುತ್ತಾಳೆ. ಬಯ್ಯುತ್ತಲೇ ಮುಂದಿನ ಸಂಚಿಕೆ ಯಾವಾಗ ಅಂತ ಕೇಳುತ್ತಾಳೆ. ನೀನು ಕಥೆ ಚೆನ್ನಾಗಿ ಕಟ್ಟುತ್ತೀ, ನಿಜಗುಣಿ. ಅದು ಸುಳ್ಳಲ್ಲ.

ಹೋದ ವರ್ಷ ದೀಪಾವಳಿಗೆ ಬಂದಾಗ ಒಲೆಯ ಮುಂದೆ ಕೂತು ಇಂಥ ಕಥೆ ಹೇಗೆ ಕಟ್ಟುತ್ತಾರೆ ಅಂತ ನನಗೆ ಹೇಳಿದ್ದೆ. ನಾನು ರೊಟ್ಟಿ ತಟ್ಟುತ್ತಿದ್ದೆ, ನೀನು ಬಿಸಿದನ್ನೇ ಹರಿದು ಬೆಣ್ಣೆ ಹಚ್ಚಿ ತಿನ್ನುತ್ತ ಮಾತಾಡುತ್ತಿದ್ದೆ. ಬೇರೆ ಕಥೆ ಹುಟ್ಟಿನಿಂದ ಸಾವಿಗೆ ಹೋಗುತ್ತದೆ, ಇದು ಸಾವಿನಿಂದ ಹಿಂದಕ್ಕೆ ನಡೆಯುತ್ತದೆ ಅಂದೆ. ಬರೆಯುವವನು ಕಡೆಯದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು ಅಂದೆ. ತಪ್ಪು ಮಾಡಿದವನು ಮೊದಲಿನಿಂದ ಓದುವವರ ಕಣ್ಣ ಮುಂದೆಯೇ ಓಡಾಡಿಕೊಂಡಿರಬೇಕು, ಕಡೆಗೆ ಬಾಗಿಲು ತಳ್ಳಿಕೊಂಡು ಬಂದ ಪರದೇಶಿ ಆಗಬಾರದು. ಎಲ್ಲರಿಗೂ ಸಂಶಯ ಬರುವ ಹಾಗೆ ಒಬ್ಬ ಬಾಯಿಬಡುಕನನ್ನು ಮುಂದೆ ನಿಲ್ಲಿಸಿ, ನಿಜವಾದವನನ್ನು ಅವನ ಹಿಂದೆ ಸುಮ್ಮನೆ ಕೂರಿಸಬೇಕು. ಸುಳಿವನ್ನು ಮುಚ್ಚಿಡಬಾರದು, ಹೇಳಿಬಿಡಬೇಕು. ಆದರೆ ಕಾಳಿನ ರಾಶಿಯಲ್ಲಿ ಕಾಳಿನಂಥದೇ ಹರಳು ಹಾಕಿದಂತೆ ಹತ್ತು ಸಣ್ಣ ಮಾತಿನ ನಡುವೆ ಹೇಳಬೇಕು. ಮೊರದಲ್ಲಿ ಆರಿಸಿದವಳಿಗೆ ಸಿಕ್ಕೇ ಸಿಗುತ್ತದೆ, ಅನ್ನ ಮಾಡಿ ಉಂಡವಳಿಗೆ ಹಲ್ಲಿಗೆ ಹತ್ತಿದಾಗಲೇ ತಿಳಿಯುತ್ತದೆ. ಇಷ್ಟೂ ನಿನ್ನ ಮಾತುಗಳೇ. ನಾನು ಆವಾಗ, ಇದು ನಮ್ಮ ಕಸೂತಿಯ ಗವಂತಿ ಹೊಲಿಗೆಯ ಹಾಗೆ ಆಯಿತಲ್ಲೋ ಅಂದೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗುತ್ತೇವೆ, ನೋಡಿದವರಿಗೆ ಹರಕು ಮುರುಕು ಕಾಣುತ್ತದೆ. ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ, ಎಳೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ನೀನು ಕೈಯಲ್ಲಿನ ರೊಟ್ಟಿ ಬಿಟ್ಟು, ಅಕ್ಕಾ, ಅದ ಅದ ಅಂದೆ. ಅಷ್ಟು ನಕ್ಕಿದ್ದನ್ನು ನಾನು ನಮ್ಮ ಮನೆಯಲ್ಲಿ ಆ ಸಾವಾದ ಮೇಲೆ ಅದೊಂದೇ ಸಲ ನೋಡಿದ್ದು.

ನಿನ್ನ ಕಥೆಯ ಹೆಣ ಯಾರದು ಅಂತ ನಾನು ಮೊದಲ ಭಾಗದಲ್ಲೇ ಗುರುತಿಸಿದೆ. ಊರಿನ ಹೆಸರು ಬದಲಿಸಿದ್ದೀ, ಹುಡುಗಿಯ ಹೆಸರು ಬದಲಿಸಿದ್ದೀ. ಆದರೆ ಪಂಚಮಿಗೆ ತವರಿಗೆ ಬಂದವಳು, ಏರಿದ ಹೊಳೆ, ಜಾಲಿಯ ಬೇರಿಗೆ ಸಿಕ್ಕ ಸೆರಗು, ಹಿಂದಿನ ಸಂಜೆ ಬಾಗಿಲಲ್ಲಿ ನಿಂತು ಒದರಾಡಿದ ಗಂಡ. ಅದು ನನ್ನ ಚನ್ನವ್ವ. ನನ್ನ ಒಬ್ಬಳೇ ಮಗಳು, ನಿನ್ನ ಹೆಗಲ ಮೇಲೆ ಕೂತು ಹೊಳೆ ನೋಡಿದ ಹುಡುಗಿ. ಅವಳು ಹೋಗಿ ಈ ಶ್ರಾವಣಕ್ಕೆ ಎರಡು ವರ್ಷವಾಯಿತು. ಕಾಲು ಜಾರಿ ಬಿದ್ದಳು ಅಂತ ಪೊಲೀಸ ಪಾಟೀಲರು ಪಂಚನಾಮೆ ಬರೆದರು, ಊರು ನಂಬಿತು, ನಾನೂ ತಲೆಯಾಡಿಸಿದೆ.

ಓದುತ್ತ ಹೋದ ಹಾಗೆ ಒಂದು ನನಗೆ ಕೊರೆಯಿತು, ಹೇಳಿಬಿಡುತ್ತೇನೆ. ನಿನ್ನ ಪತ್ತೇದಾರ ರಾಯಪ್ಪ ಬರುತ್ತಾನೆ, ಹೆಜ್ಜೆಯ ಗುರುತು ಅಳೆಯುತ್ತಾನೆ, ಅಂಬಿಗನನ್ನು ಕೇಳುತ್ತಾನೆ, ಅಗಸನನ್ನು ಕೇಳುತ್ತಾನೆ. ಎಲ್ಲರೂ ಕೊಂದವನನ್ನು ಹುಡುಕುತ್ತಾರೆ. ಸತ್ತವಳನ್ನು ಒಬ್ಬರೂ ಹುಡುಕುವುದಿಲ್ಲ. ಅವಳಿಗೆ ಏನು ಸೇರುತ್ತಿತ್ತು, ಯಾಕೆ ಅಷ್ಟು ಹೊತ್ತಾರೆ ಹೊಳೆಗೆ ಬಂದಳು, ಅವಳ ತಾಯಿ ಆವತ್ತು ಏನು ಉಂಡಳು, ಉಂಡಳೋ ಇಲ್ಲವೋ? ಒಂದು ಸಾಲೂ ಇಲ್ಲ. ಮೊದಲ ಪುಟದಲ್ಲಿ ಹೆಣ ಹೊತ್ತುಕೊಂಡು ಹೋದರು ಅಂತ ಬರೆದೆ, ಮುಗಿಯಿತು. ನಮ್ಮ ಮನೆಯಲ್ಲಿ ಇನ್ನೂ ಹೊತ್ತುಕೊಂಡು ಹೋಗಿಲ್ಲ, ತಮ್ಮಾ. ಪಂಚಮಿಗೆ ಜೋಕಾಲಿ ಕಟ್ಟಿದ ಹಗ್ಗ ತೊಲೆಯಲ್ಲಿ ಹಾಗೇ ಐತಿ. ಬಿಚ್ಚಲಿಕ್ಕೆ ಏಣಿ ಹಾಕಿದೆ ಒಮ್ಮೆ, ಎರಡು ಮೆಟ್ಟಿಲು ಹತ್ತಿ ಇಳಿದೆ.

ಬಾಯವ್ವ ನಿನ್ನ ಕಥೆಯಲ್ಲಿ ತಪ್ಪು ಹುಡುಕುವುದರಲ್ಲಿ ಗಟ್ಟಿಗಿತ್ತಿ. ನಿನಗೆ ತಿಳಿಸು ಅಂದಿದ್ದಾಳೆ, ಬರೆಯುತ್ತೇನೆ. ಶ್ರಾವಣದಲ್ಲಿ ಹೊಳೆ ಕೆಂಪಗೆ ಬಂದಿರುವಾಗ ಅಂಬಿಗ ಹರಿಗೋಲು ಹಾಕುವುದಿಲ್ಲ, ನೀನು ಹಾಕಿಸಿದ್ದೀ. ಪಂಚಮಿಯ ಮರುದಿನ ಅಗಸ ಬಟ್ಟೆ ಒಗೆಯುವುದಿಲ್ಲ. ಮೂರನೆಯ ಭಾಗದಲ್ಲಿ ಅವಳ ಕೊರಳಿನ ಲಿಂಗದ ಕರಡಿಗೆ ನೀರು ತಾಕದ ಮೆಟ್ಟಿಲ ಮೇಲೆ ಶಿವದಾರ ಸುತ್ತಿ ಇಟ್ಟಿತ್ತು, ಮೇಲೊಂದು ಬಿಳಿ ಕಣಗಿಲ ಹೂವಿತ್ತು ಅಂತ ಬರೆದಿದ್ದೀ. ಲಿಂಗವಂತರ ಹೆಣ್ಣುಮಗಳು ಉಸಿರಿರುವ ತನಕ ಕೊರಳಿನ ಲಿಂಗ ತೆಗೆದಿಡುತ್ತಾಳೇನು, ನಮ್ಮ ಚನ್ನವ್ವನ ಕೊರಳಲ್ಲಿ ಕರಡಿಗೆ ಇದ್ದದ್ದನ್ನು ಊರೇ ನೋಡಿದೆ, ಮಣ್ಣು ಕೊಡುವಾಗ ಅಯ್ಯನವರೇ ಲಿಂಗ ತೆಗೆದು ಅವಳ ಎಡಗೈಯಲ್ಲಿ ಇಟ್ಟರು ಅಂತ ಬಾಯವ್ವ ಜಗಳಕ್ಕೇ ನಿಂತಳು. ಕಥೆ ಬರೆಯುವವರು ಅಷ್ಟು ಕಟ್ಟಿಕೊಳ್ಳುತ್ತಾರೆ ಬಿಡು ಅಂದೆ. ತುಂಬಿದ ಹಿತ್ತಾಳೆ ಕೊಡ ನೀರಿನಲ್ಲಿ ತೇಲುವುದಿಲ್ಲ, ಮುಳುಗುತ್ತದೆ, ಅದನ್ನೂ ತಿದ್ದಿಕೊಳ್ಳಲಿ ಅಂದಿದ್ದಾಳೆ.

ಇನ್ನು ನಾನು ಬರೆಯಲಿಕ್ಕೆ ಕೂತ ಮಾತು.

ಮೊನ್ನೆ ಶನಿವಾರ ಯರಗಟ್ಟಿಯಿಂದ ಅಳಿಯ ಸೋಮಪ್ಪ ಬಂದಿದ್ದ. ಚಕ್ಕಡಿಯಲ್ಲಿ ಮೊಮ್ಮಗಳು ತಾಯವ್ವನನ್ನೂ ಕರೆದುಕೊಂಡು ಬಂದ. ಕೈಕಾಲಿಗೆ ನೀರು ಕೊಟ್ಟೆ, ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತ. ಅವನು ಮಾತಿಗೆ ಒರಟು, ನಿನಗೆ ಮೊದಲಿನಿಂದಲೂ ಸೇರುವುದಿಲ್ಲ. ಕೂತವನು ಬಹಳ ಹೊತ್ತು ಬಾರುಕೋಲಿನಿಂದ ನೆಲ ಕೆದರುತ್ತಿದ್ದ. ಆಮೇಲೆ, ಅತ್ತಿ, ನಿಮ್ಮ ಮನಸಿನ್ಯಾಗೂ ನಾನ ಏನ್ರಿ ಅಂದ.

ನಿನ್ನ ಮಾಸಿಕ ಯರಗಟ್ಟಿಯ ಪೇಟೆಗೂ ಹೋಗುತ್ತದೆಯಂತೆ. ಅಂಗಡಿಯಲ್ಲಿ ಒಬ್ಬ ಓದುತ್ತಾನೆ, ಹತ್ತು ಜನ ಕೇಳುತ್ತಾರೆ. ಮನೋಳಿಯ ಹುಡುಗಿಯ ಸೋದರಮಾವನೇ ಬರೆಯುತ್ತಿದ್ದಾನೆ ಅಂತ ಎಲ್ಲರಿಗೂ ಗೊತ್ತಾಗಿದೆ. ಹೊರಗಿನವನು ಬರೆದಿದ್ದರೆ ಕಥೆ ಅನ್ನುತ್ತಿದ್ದರು. ಮನೆಯವನು ಬರೆದಿದ್ದಾನೆ, ಆದ್ದರಿಂದ ಸಾಕ್ಷಿ ಅನ್ನುತ್ತಾರೆ. ಈ ಭಾಗದಲ್ಲಿ ನಿನ್ನ ರಾಯಪ್ಪ ಗಂಡನ ಮನೆಯ ಜಗುಲಿಯ ಮೇಲೆ ಎಲ್ಲರನ್ನೂ ಕೂಡಿಸಿ, ಕೊಂದವನು ಇಲ್ಲೇ ಕೂತಿದ್ದಾನೆ ಅಂತ ಹೇಳಿ ಬೆರಳೆತ್ತಿದಲ್ಲಿಗೆ ನಿಲ್ಲಿಸಿದ್ದೀಯಲ್ಲ, ಆ ಬೆರಳು ಯಾರ ಕಡೆಗೆ ಅಂತ ಯರಗಟ್ಟಿಯಲ್ಲಿ ಯಾರಿಗೂ ಸಂಶಯ ಉಳಿದಿಲ್ಲ. ಸೋಮಪ್ಪನ ಅಂಗಳ ದಾಟುವಾಗ ಜನ ಮಾತು ನಿಲ್ಲಿಸುತ್ತಾರಂತೆ.

ಅದನ್ನು ಅವನು ತಡೆದುಕೊಂಡಿದ್ದ. ಊರ ಬಾವಿಯ ಹತ್ತಿರ ಆದದ್ದನ್ನು ತಡೆದುಕೊಳ್ಳಲಾಗಲಿಲ್ಲ. ತಾಯವ್ವ ತಂಬಿಗೆ ಹಿಡಿದು ಹೋಗಿತ್ತಂತೆ. ಒಬ್ಬಾಕೆ ಕೊಡ ಸರಿಸಿಕೊಂಡು, ನಿಮ್ಮವ್ವನ್ನ ಹಾಕಿದಾಂಗ ನಿನ್ನೂ ಹೊಳಿಗೆ ಹಾಕ್ಯಾನು, ಹುಷಾರಿರ ಕೂಸ ಅಂದಳಂತೆ. ಆವತ್ತು ಊಟಕ್ಕೆ ಕೂತಾಗ ಮಗು, ಅಪ್ಪಾ, ನನ್ನ ಯಾವಾಗ ಹಾಕತೀ ಅಂತ ಕೇಳಿತಂತೆ. ಹೆದರಿ ಅಲ್ಲ, ಜಾತ್ರೆಗೆ ಯಾವಾಗ ಹೋಗುವುದು ಅಂತ ಕೇಳುವ ಹಾಗೆ ಕೇಳಿತಂತೆ. ಐದು ವರ್ಷದ ಮಗು.

ನಾನು ಬಯ್ದದ್ದು ಖರೆ ಐತ್ರಿ ಅತ್ತಿ, ಇಲ್ಲ ಅನ್ನೂದಿಲ್ಲ ಅಂದ. ಹಬ್ಬಾ ಮುಗೀತು, ಹೊಲದಾಗ ಕಳೆ ನಿಂತೈತಿ, ನಡಿ ಅಂದ್ರ, ಇನ್ನೆರಡು ದಿನ ಇದ್ದು ಬರತೇನಿ ಅಂದ್ಲು. ಯಾಕ ಅಂದ್ರ ಹೇಳಲಿಲ್ಲ. ನನಗ ಸಿಟ್ಟು ಬಂತು, ಬಾಗಲದಾಗ ನಿಂತು ಒದರಿದೆ. ನಸಕಿನ್ಯಾಗ ಚಕ್ಕಡಿ ಹೂಡಿಕೊಂಡು ಹ್ವಾದೆ. ಒದರಿದವರೆಲ್ಲಾ ಕೊಲ್ಲೂದಾಗಿದ್ರ ಈ ನಾಡಿನ್ಯಾಗ ಒಬ್ಬಾಕೆರ ಉಳೀತಿದ್ಲೇನ್ರಿ? ಹಾಗೆ ಅಂದು, ಮುಖದ ಮೇಲೆ ರುಮಾಲು ಎಳೆದುಕೊಂಡ.

ಅವನು ಅತ್ತಾಗ ನಾನು ಮೊಮ್ಮಗಳ ತಲೆ ನೋಡುತ್ತಿದ್ದೆ. ಹೆರಳು ಓರೆಯಾಗಿತ್ತು. ಹೆಣ್ಣು ಹಾಕಿದ ಹೆರಳಲ್ಲ ಅದು. ಎರಡು ವರ್ಷದಿಂದ ಅವನೇ ಹಾಕುತ್ತಾನೆ. ಇನ್ನೊಂದು ಮದುವೆ ಮಾಡಿಕೋ ಅಂತ ನಾನೇ ಹೇಳಿ ಕಳಿಸಿದ್ದೆ, ಒಲ್ಲೆ ಅಂದ. ಮಗುವನ್ನು ನನ್ನ ಹತ್ತಿರ ಬಿಡು ಅಂದೆ, ಅದೂ ಒಲ್ಲೆ. ಇಕಿನ್ನೂ ಬಿಟ್ಟು ಹ್ವಾದ್ರ ಆ ಮನ್ಯಾಗ ನಾ ಯಾರ ಮುಂದ ಒದರಲಿ ಅಂದ. ಅಳುತ್ತಲೇ ಅಂದ. ನನಗೆ ನಗು ಬಂತು, ಆಮೇಲೆ ನಗು ಬಂದದ್ದಕ್ಕೆ ಅಳು ಬಂತು.

ನಿಜಗುಣಿ, ಆ ಬೆರಳನ್ನು ಅವನ ಕಡೆಗೆ ತಿರುಗಿಸಬೇಡ. ಇಷ್ಟೇ ನನ್ನ ಬೇಡಿಕೆ. ನೀನು ಏನು ಅನ್ನುತ್ತೀ ಅಂತ ನನಗೆ ಗೊತ್ತು. ಇಷ್ಟು ತಿಂಗಳು ಕಾಯಿಸಿ ಕಾಲು ಜಾರಿ ಬಿದ್ದಳು ಅಂತ ಮುಗಿಸಿದರೆ ಓದುವವರು ಮೋಸ ಹೋದೆವು ಅನ್ನುತ್ತಾರೆ ಅನ್ನುತ್ತೀ. ಅನ್ನಲಿ. ಅವರು ಸಂಚಿಕೆ ಮಡಚಿ ಅಡಕಲ ಗಡಿಗೆಯ ಮೇಲೆ ಇಡುತ್ತಾರೆ. ನನ್ನ ಮೊಮ್ಮಗಳು ಆ ಬಾವಿಯಿಂದ ಇನ್ನೂ ಎಷ್ಟು ವರ್ಷ ನೀರು ತರಬೇಕು. ಬಾಯಿಬಡುಕನನ್ನು ಮುಂದೆ ನಿಲ್ಲಿಸಬೇಕು ಅಂತ ನೀನೇ ಹೇಳಿದ್ದೆ. ನಿಂತವನು ಬಾಯಿಬಡುಕ ಮಾತ್ರ, ಇನ್ನೇನೂ ಅಲ್ಲ ಅಂತ ನಿನ್ನ ರಾಯಪ್ಪನಿಗೆ ತಿಳಿಯಲಿ. ಅಷ್ಟು ಜಾಣನಲ್ಲವೇ ಅವನು?

ನಿನ್ನ ಮೇಲೆ ನನಗೆ ಸಿಟ್ಟಿದೆ ಅಂತ ತಿಳಿಯಬೇಡ. ಅವ್ವ ನಿನ್ನನ್ನು ಹಡೆದು ಕಣ್ಣು ಮುಚ್ಚಿದಾಗ ನಾನು ಗಂಡನ ಮನೆಯಿಂದ ಬಂದು ನಿನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದವಳು. ಚನ್ನವ್ವ ಹುಟ್ಟಿದಾಗ ತೊಟ್ಟಿಲಲ್ಲೇ ಸೋದರಮಾವನಾದ ನಿನ್ನ ಹೆಸರಿಗೆ ಇಟ್ಟೆವು, ನಮ್ಮ ಪದ್ಧತಿಯ ಹಾಗೆ. ಅವಳು ನೆರೆದ ವರ್ಷ ನೀನು ಒಲ್ಲೆ ಅಂದೆ. ಎತ್ತಿ ಆಡಿಸಿದ ಕೂಸಿಗೆ ಹ್ಯಾಂಗ ತಾಳಿ ಕಟ್ಟಲಿ ಅಕ್ಕಾ ಅಂತ ಕೇಳಿದೆ. ನನಗೆ ಆವತ್ತೂ ಅದು ತಪ್ಪು ಅನಿಸಲಿಲ್ಲ. ಅವಳಿಗೆ ಏನು ಅನಿಸಿತು ಅಂತ ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಯರಗಟ್ಟಿಗೆ ಕೊಟ್ಟೆವು, ಹೋದಳು. ನೀನು ಇನ್ನೂ ಒಂಟಿ ಇದ್ದೀ.

ಆ ಪಂಚಮಿಗೆ ಹೊಳೆ ಏರಿದೆ, ಸಾಲೆಯಲ್ಲಿ ಪರೀಕ್ಷೆ ಇದೆ, ಧಾರವಾಡ ಬಿಡಲಾರೆ ಅಂತ ಕಾಗದ ಬರೆದಿದ್ದೆ. ಅವಳು ಆ ಕಾಗದವನ್ನು ನನ್ನ ಕೈಯಿಂದ ಇಸಿದುಕೊಂಡು ತಾನೊಮ್ಮೆ ಓದಿದಳು. ಆಮೇಲೆ ಅವಳು ಹೋದ ಸುದ್ದಿ ತಿಳಿಸಲು ನಮ್ಮ ಆಳು ಮಡಿವಾಳೆಪ್ಪನನ್ನು ಧಾರವಾಡಕ್ಕೆ ಓಡಿಸಿದೆ. ನೀನು ದಾರಿಯಲ್ಲೇ, ಸವದತ್ತಿಯ ಛತ್ರದಲ್ಲೇ ಸಿಕ್ಕೆಯಂತೆ. ಮನಸ್ಸು ತಡೆಯಲಿಲ್ಲ, ತಡವಾದರೂ ಹಬ್ಬಕ್ಕೆ ಅಂತ ಹೊರಟಿದ್ದೆ ಅಂದೆ. ನೀನು ಬಂದು ಅವಳ ಕಾಲ ಹತ್ತಿರ ಬಿದ್ದು ಅತ್ತದ್ದು ಊರಿಗೆ ಇನ್ನೂ ನೆನಪಿದೆ. ತಾಯಿಗಿಂತ ಮಾವ ಹೆಚ್ಚು ಅತ್ತ ಅನ್ನುತ್ತಾರೆ. ಅನ್ನಲಿ. ನಾನು ಆವತ್ತು ಅಳಲಿಲ್ಲ, ಅದು ನಿಜ.

ಚಳಿ ಶುರುವಾಗಿದೆ. ಕೌದಿಯೊಂದು ಹೊಲಿದಿಟ್ಟಿದ್ದೇನೆ, ಬರುವವರ ಕೈಯಲ್ಲಿ ಕಳಿಸುತ್ತೇನೆ. ಊಟಕ್ಕೆ ಹೊತ್ತು ಮಾಡಬೇಡ. ದಿನಾ ಲಿಂಗಪೂಜೆ ತಪ್ಪಿಸಬೇಡ. ಶಿವ ನಿನಗೆ ಒಳ್ಳೆಯ ಬುದ್ಧಿಯನ್ನೂ ಒಳ್ಳೆಯ ನಿದ್ದೆಯನ್ನೂ ಕೊಡಲಿ.

ನಿನ್ನನ್ನು ಎತ್ತಿ ಬೆಳೆಸಿದ ಅಕ್ಕ,
ಸಾವಿತ್ರೆವ್ವ

ತಾ.ಕ.: ಕಾಗದ ಮಡಚಿ ಅಂಟು ಹಚ್ಚಿದ್ದೆ. ಬಿಡಿಸಿ ಬರೆಯುತ್ತಿದ್ದೇನೆ.

ಆವತ್ತು ಹೊಳೆಗೆ ಮೊದಲು ಹೋದವಳು ನಾನು. ಅವಳು ಜಾಲಿಯ ಬೇರಿಗೆ ಸಿಕ್ಕಿದ್ದಳು. ಕರಡಿಗೆ ಅವಳ ಕೊರಳಲ್ಲಿ ಇರಲಿಲ್ಲ. ನೀರು ತಾಕದ ಮೆಟ್ಟಿಲ ಮೇಲೆ ಇತ್ತು, ಶಿವದಾರ ಸುತ್ತಿ, ಮೇಲೊಂದು ಬಿಳಿ ಕಣಗಿಲ ಹೂವು ಇಟ್ಟು. ತಾನೇ ತೆಗೆದಿಟ್ಟು ನೀರಿಗೆ ಇಳಿದಳು ಅಂತ ಗೊತ್ತಾದರೆ ಅಯ್ಯನವರು ಅವಳ ತಲೆಯ ಮೇಲೆ ಪಾದ ಇಡುತ್ತಿರಲಿಲ್ಲ, ನಮ್ಮವರ ಮಣ್ಣಿನಲ್ಲಿ ಅವಳಿಗೆ ಜಾಗ ಸಿಗುತ್ತಿರಲಿಲ್ಲ. ನಾನು ನೀರಿಗೆ ಇಳಿದು, ಅವಳ ತಣ್ಣನೆಯ ಕೊರಳಿಗೆ ನನ್ನ ಕೈಯಾರೆ ಲಿಂಗ ಕಟ್ಟಿ, ಹೂವನ್ನು ಹೊಳೆಗೆ ಬಿಟ್ಟು, ಆಮೇಲೆ ಕೂಗಿದೆ. ಜನ ಓಡಿ ಬಂದಾಗ ಮೆಟ್ಟಿಲ ಮೇಲೆ ಏನೂ ಇರಲಿಲ್ಲ. ಇದನ್ನು ಸೋಮಪ್ಪನಿಗೂ ಹೇಳಿಲ್ಲ. ಶಿವನಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ, ನಿನ್ನ ಮೂರನೆಯ ಭಾಗ ಓದುವ ತನಕ.

ಕರಡಿಗೆ ಮೆಟ್ಟಿಲ ಮೇಲೆ ಸಿಕ್ಕಿದ್ದು ಊರಿಗೆಲ್ಲ ಗೊತ್ತಿರುತ್ತದೆ ಅಂತ ತಿಳಿದು ಬರೆದೆ ಅಲ್ಲವೇ? ಯಾರಿಗೂ ಗೊತ್ತಿಲ್ಲ, ನಿಜಗುಣಿ. ನೋಡಿದವಳು ನಾನೊಬ್ಬಳು. ನನಗಿಂತ ಮೊದಲು ನೋಡಿದವನು ಇನ್ನೊಬ್ಬ. ಇನ್ನೆರಡು ದಿನ ಇರುತ್ತೇನೆ ಅಂತ ಅವಳು ಯಾರ ದಾರಿ ಕಾಯುತ್ತಿದ್ದಳು ಅಂತ ಈಗ ತಿಳಿಯಿತು. ಮಡಿವಾಳೆಪ್ಪನಿಗೆ ನೀನು ಸಿಕ್ಕಾಗ ಮನೋಳಿಗೆ ಬರುತ್ತಿದ್ದೆಯೋ, ಮನೋಳಿಯಿಂದ ಹೋಗುತ್ತಿದ್ದೆಯೋ ಅಂತ ಆವತ್ತು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ನೀನು ಅಳುತ್ತಿದ್ದೆ.

ನೀನು ನೂಕಿದೆ ಅಂತ ನಾನು ಅನ್ನುವುದಿಲ್ಲ. ನಿನಗೆ ಹಾಲು ಕುಡಿಸಿದ ಕೈ ಇದು, ಹಾಗೆ ಬರೆಯಲಾರದು. ಅವಳು ಏನೋ ಕೇಳಿದಳು, ನೀನು ತಿರುಗಿ ಹೋಗು ಅಂದೆ, ಅಷ್ಟೇ ಆಗಿರಬೇಕು ಅಂತ ದಿನಾ ಲಿಂಗದ ಮುಂದೆ ಕೂತು ಅಂದುಕೊಳ್ಳುತ್ತೇನೆ. ಆದರೆ ಮೆಟ್ಟಿಲ ಮೇಲಿನ ಹೂವು ನೋಡಿದವನು ಯಾಕೆ ಕೂಗಲಿಲ್ಲ?

ಅದನ್ನು ಅಚ್ಚಿನಲ್ಲಿ ಬರೆಯಬೇಡ. ಊರಿಗೆ ಬೇಡ, ಪಾಟೀಲರಿಗೆ ಬೇಡ. ಕಡೆಯ ಭಾಗ ಹೇಳಲಿಕ್ಕೆ ನನ್ನ ಹತ್ತಿರ ಬಾ. ಮಧ್ಯಾಹ್ನ ಬೇಡ, ಬಾಯವ್ವ ಇರುತ್ತಾಳೆ. ಹೊತ್ತಾರೆ ಬಾ, ನಾನು ರೊಟ್ಟಿ ತಟ್ಟುತ್ತಿರುತ್ತೇನೆ. ಕಣ್ಣು ಎತ್ತಿ ನಿನ್ನನ್ನು ನೋಡುವುದಿಲ್ಲ, ಒಲೆ ನೋಡುತ್ತ ಕೇಳುತ್ತೇನೆ. ಅವಳು ನಿನಗೆ ಕಡೆಯದಾಗಿ ಏನಂದಳು, ಅದೊಂದು ಹೇಳು. ನನ್ನ ಜೊತೆ ಅವಳು ಕಡೆಯದಾಗಿ ಆಡಿದ ಮಾತು, ಅವ್ವಾ, ಹಿತ್ತಲದಾಗ ಕಣಗಿಲ ಅರಳ್ಯಾವೇನು ಅಂತ.